ಹೊಸ ಸಿಂಕ್ ನಳ: ನೆಟ್ಟಗೆ ನಿಲ್ಲಿಸಿದರೆ ಸೋರುತ್ತದೆ, ಬಿಗಿ ಮಾಡಿದರೆ ಸೊಟ್ಟ ನಿಲ್ಲುತ್ತದೆ

ಮಾಳಮಡ್ಡಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದಲ್ಲಿ ಹಳೇ ಮನೆ. ಗೋಡೆ ಒಳಗೆ ಜಿಐ ಪೈಪು, ಸತು ಲೇಪಿಸಿದ ಕಬ್ಬಿಣದ್ದು. ಅಡಿಗೆಮನೆ ಸಿಂಕಿನ ಮೇಲೆ ಗೋಡೆಗೆ ಕೂರುವ ಸಿಂಕ್ ಕಾಕ್ ಇತ್ತು, ಉದ್ದ ಮೂತಿ ಆಚೆ ಈಚೆ ತಿರುಗುತ್ತದಲ್ಲ, ಅದು. ಮೂತಿಯ ಬುಡದಲ್ಲಿ ಹಿತ್ತಾಳೆಯೇ ತಿಂದುಹೋಗಿ ಸಣ್ಣ ತೂತಾಗಿತ್ತು. ಸ್ಪಿಂಡಲ್, ವಾಶರ್ ಬದಲಿಸಿದರೆ ಉಪಯೋಗವಿಲ್ಲ ಅಂತ ಹೊಸ ನಳವನ್ನೇ ತಂದೆ. ಅರ್ಧ ಇಂಚಿನದು, ಹಿತ್ತಾಳೆಯದು, ಮೇಲೆ ಕ್ರೋಮ್.

ಹಳೇದು ಬಿಚ್ಚುವುದು ಕಷ್ಟವಾಗಲಿಲ್ಲ. ಹೊಸದಕ್ಕೆ ಟೆಫ್ಲಾನ್ ಟೇಪು ಸುತ್ತಿ ಕೂರಿಸಿದೆ. ಕೈಗೆ ಬಿಗಿ ಹತ್ತುವ ಹೊತ್ತಿಗೆ ಹಿಡಿಕೆ ಬಲಗಡೆ ವಾಲಿ ನಿಲ್ಲುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿ ನೆಟ್ಟಗೆ ಮಾಡಿದರೆ ಗೋಡೆ ಹತ್ತಿರ ಹನಿ ಹನಿ ಸೋರುತ್ತದೆ. ಮುಂದಕ್ಕೆ ಇನ್ನೊಂದು ಸುತ್ತು ತಿರುಗಿಸಲು ಹೋದರೆ ನಳದ ಮೈ ಟೈಲ್ಸಿಗೆ ತಾಗಿ ನಿಲ್ಲುತ್ತದೆ. ನಳದ್ದೇ ದೋಷ ಇರಬಹುದಾ? ಅಂಗಡಿಗೆ ವಾಪಸ್ ಕೊಡಲಾ?

ನವನಗರದ ಹುಡುಗ

ಅಕ್ಕಾ, ನೆಟ್ಟಗೆ ನಿಲ್ಲಿಸಿ ಸುತ್ತಲೂ ಎಂ-ಸೀಲ್ ಮೆತ್ತಿಬಿಡಿ, ಕಲಸಿ ಹಚ್ಚಿದರೆ ಗಟ್ಟಿಯಾಗುವ ಅಂಟು. ಮೇಲೆ ಫ್ಲ್ಯಾಂಜ್, ಅಂದರೆ ಗೋಡೆಯ ತೂತು ಮುಚ್ಚುವ ದುಂಡನೆ ತಗಡು, ಮುಚ್ಚಿದರೆ ಯಾರಿಗೂ ಕಾಣುವುದಿಲ್ಲ. ನಮ್ಮ ಬಾಡಿಗೆ ಮನೆಯಲ್ಲಿ ಹಾಗೇ ನಡೆದಿದೆ.

ಗೋಕುಲ ರೋಡ್ ಕಾಕಾ

ತಂಗಿ, ಎಂ-ಸೀಲ್ ಹಚ್ಚಬೇಡಿ. ಸೋರುವುದು ಥ್ರೆಡ್ಡಿನಲ್ಲಿ, ನೀವು ಮುಚ್ಚುವುದು ಹೊರಗಿನ ಬಾಯಿ. ಹೊರಗೆ ಬರುವ ನೀರು ಆಮೇಲೆ ಟೈಲ್ಸಿನ ಹಿಂದೆ ಇಳಿಯುತ್ತದೆ. ಗೋಡೆಯ ಆಚೆ ಕೋಣೆಯಲ್ಲಿ ಸುಣ್ಣ ಉದುರಿದಾಗಲೇ ಗೊತ್ತಾಗುವುದು. ಈಗ ಹನಿ ಕಣ್ಣಿಗೆ ಕಾಣುತ್ತಿದೆ, ಅದೇ ಒಳ್ಳೆಯದು.

ನಳ ವಾಪಸ್ ಕೊಡುವ ಮುಂಚೆ ಎರಡು ವಿಷಯ ಹೇಳಿ. ಆ ಗೋಡೆಗೆ ಟೈಲ್ಸ್ ಮನೆ ಕಟ್ಟುವಾಗಲೇ ಹಾಕಿದ್ದಾ, ಆಮೇಲೆ ಹಾಕಿಸಿದ್ದಾ? ಹಳೇ ನಳ ಎಸೆದಿಲ್ಲ ಅಲ್ವಾ? ಅದರ ಬಾಲವನ್ನೂ, ಅಂದರೆ ಗೋಡೆ ಒಳಗೆ ಹೋಗುವ ಥ್ರೆಡ್ಡಿನ ಭಾಗ, ಹೊಸದರ ಬಾಲವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಉದ್ದದಲ್ಲಿ ವ್ಯತ್ಯಾಸ ಇದೆಯಾ?

ಮಾಳಮಡ್ಡಿ ಮನೆ

ಕಾಕಾ, ಟೈಲ್ಸ್ ಆಮೇಲೆ ಹಾಕಿಸಿದ್ದು. ಹಳೇ ಗಿಲಾವಿನ ಮೇಲೆಯೇ ಅಂಟಿಸಿದ್ದಾರೆ.

ಹಳೇ ನಳದ ಬಾಲ ಹೊಸದಕ್ಕಿಂತ ಚೆನ್ನಾಗಿಯೇ ಉದ್ದ ಇದೆ! ಬಿಳಿ ಸುಣ್ಣದಂಥದ್ದು ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಕೆರೆದು ನೋಡಿದರೆ ಮಧ್ಯದಲ್ಲಿ ಸುತ್ತಲೂ ಒಂದು ಗೆರೆ ಕಾಣುತ್ತದೆ. ಅಲ್ಲಿಂದ ಮುಂದಿನ ತುಂಡು ಬೇರೆ ಇದ್ದಂತಿದೆ, ಕೈಯಲ್ಲಿ ಅಲ್ಲಾಡುವುದಿಲ್ಲ.

ಗೋಕುಲ ರೋಡ್ ಕಾಕಾ

ಅಲ್ಲೇ ಸಿಕ್ಕಿತು ನೋಡಿ. ಆ ತುಂಡು ಎಕ್ಸ್‌ಟೆನ್ಷನ್ ನಿಪ್ಪಲ್. ಟೈಲ್ಸ್ ಬಂದ ಮೇಲೆ ಗೋಡೆ ದಪ್ಪವಾಯಿತು, ಒಳಗಿನ ಎಲ್ಬೋ, ಅಂದರೆ ನಳ ಕೂರುವ ಬಾಗಿದ ಪೈಪಿನ ತುಂಡು, ಇದ್ದಲ್ಲೇ ಉಳಿಯಿತು. ಆಗಿನ ಪ್ಲಂಬರ್ ನಡುವೆ ನಿಪ್ಪಲ್ ಕೊಟ್ಟು ನಳ ಹಾಕಿದ್ದಾನೆ. ನೀವು ಬಿಚ್ಚಿದಾಗ ನಳದ ಜೊತೆ ಅದೂ ಅಂಟಿಕೊಂಡು ಬಂದಿದೆ. ಈಗ ಹೊಸ ನಳದ ಬಾಲ ಎಲ್ಬೋವನ್ನು ತುದಿಯಲ್ಲಿ ಮಾತ್ರ ಹಿಡಿಯುತ್ತಿದೆ.

ಒಂದು ಅಳತೆ ತೆಗೆಯಿರಿ. ಟೈಲ್ಸಿನ ಮುಖದಿಂದ ಎಲ್ಬೋ ಅಂಚಿನವರೆಗೆ ಎಷ್ಟು ಆಳ? ಸಣ್ಣ ಸ್ಕೇಲು ತೂರಿಸಿದರೆ ಸಾಕು. ನಳದ ಥ್ರೆಡ್ ಎಷ್ಟು ಉದ್ದ ಅದನ್ನೂ ನೋಡಿ.

ಮಾಳಮಡ್ಡಿ ಮನೆ

ಆಳ 10 ಮಿ.ಮೀ. ಥ್ರೆಡ್ 16 ಮಿ.ಮೀ.

ಗೋಕುಲ ರೋಡ್ ಕಾಕಾ

ಲೆಕ್ಕ ನೋಡಿ. 16ರಲ್ಲಿ 10 ಹೋದರೆ 6 ಮಿ.ಮೀ. ಅರ್ಧ ಇಂಚಿನ ಪೈಪ್ ಥ್ರೆಡ್ಡಿಗೆ ಒಂದು ಇಂಚಿನಲ್ಲಿ 14 ಸುತ್ತು, ಅಂದರೆ ಸುತ್ತಿಗೆ 1.8 ಮಿ.ಮೀ. ನಿಮ್ಮ ನಳ ಬರೀ ಮೂರು ಸುತ್ತಿನ ಮೇಲೆ ನೇತಾಡುತ್ತಿದೆ. ಅದರ ಮೇಲೆ ದಿನಾ ಮೂತಿ ಹಿಡಿದು ಆಚೆ ಈಚೆ ಎಳೆಯುತ್ತೀರಿ. ಎಷ್ಟು ಟೇಪು ಸುತ್ತಿದರೂ ನಿಲ್ಲುವುದಿಲ್ಲ. ನಳದ ತಪ್ಪಲ್ಲ, ಅಂಗಡಿಯವನ ತಪ್ಪೂ ಅಲ್ಲ.

ಹಿತ್ತಾಳೆಯ ಎಕ್ಸ್‌ಟೆನ್ಷನ್ ನಿಪ್ಪಲ್, ಅರ್ಧ ಇಂಚು ಉದ್ದದ್ದು ತನ್ನಿ. ಸೈಜೂ ಅರ್ಧ, ಉದ್ದವೂ ಅರ್ಧ, ಅಂಗಡಿಯಲ್ಲಿ ಗೊಂದಲ ಆಗುತ್ತದೆ, ಬಿಡಿಸಿ ಹೇಳಿ. ಒಂದು ಇಂಚಿನದು ತಂದರೆ ಫ್ಲ್ಯಾಂಜ್ ಗೋಡೆ ಮುಟ್ಟದೆ ಗಾಳಿಯಲ್ಲಿ ನಿಲ್ಲುತ್ತದೆ. ಹಳೇ ನಿಪ್ಪಲ್ ಬಿಡಿಸಿ ಮತ್ತೆ ಹಾಕುವ ಆಸೆ ಬೇಡ, ಅದರ ಥ್ರೆಡ್ ಉಪ್ಪು ತಿಂದಿದೆ.

ಮೊದಲು ಎಲ್ಬೋ ಒಳಗಿನ ಹಳೇ ಟೇಪಿನ ಚೂರನ್ನೆಲ್ಲ ಮೊಳೆಯ ತುದಿಯಿಂದ ಕಿತ್ತು ತೆಗೆಯಿರಿ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ. ಆಮೇಲೆ ಕೆಳಗೆ ಬಕೆಟ್ ಹಿಡಿದು ವಾಲ್ವ್ ಸ್ವಲ್ಪ ತೆಗೆದು ನೀರು ಬಿಡಿ. ಜಿಐ ಪೈಪು ಅಲ್ಲಾಡಿದಾಗ ಒಳಗಿನ ತುಕ್ಕಿನ ಹೊಟ್ಟು ಎದ್ದಿರುತ್ತದೆ. ಅದು ಈಗಲೇ ಹೊರಗೆ ಹೋಗಲಿ, ಹೊಸ ನಳದ ಒಳಗೆ ಬೇಡ. ಅರ್ಧ ಸುತ್ತಿನ ನಳಗಳಲ್ಲಿ ಒಳಗೆ ಸೆರಾಮಿಕ್ ಬಿಲ್ಲೆ ಇರುತ್ತವೆ, ಒಂದು ಕಲ್ಲಿನ ಕಣ ಸಿಕ್ಕಿದರೆ ಗೀರು ಬಿದ್ದು ಹೊಸದೇ ತೊಟ್ಟಿಕ್ಕಲು ಶುರು ಮಾಡುತ್ತದೆ.

ಟೇಪಿನ ವಿಷಯ. ಥ್ರೆಡ್ ತುದಿ ನಿಮ್ಮ ಕಡೆ ಮುಖ ಮಾಡಿರಲಿ, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಎಳೆದು ಸುತ್ತಬೇಕು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಂಡು ಹೊರಗೆ ಬರುತ್ತದೆ. ವಿಡಿಯೋಗಳಲ್ಲಿ ಮೂರು ಸುತ್ತು ಸಾಕು ಅನ್ನುತ್ತಾರೆ, ಅವರ ಟೇಪು ದಪ್ಪ. ನಮ್ಮಲ್ಲಿ ಸಿಗುವ ತೆಳು ಟೇಪಿಗೆ ಹತ್ತರಿಂದ ಹದಿನೈದು ಸುತ್ತು ಬೇಕು. ನಿಪ್ಪಲ್ಲಿನ ಒಳಗೆ ಆರು ಮೂಲೆಯ ತೂತಿದ್ದರೆ ಅಲನ್ ಕೀ ಹಾಕಿ ಬಿಗಿ ಮಾಡಿ. ಇಲ್ಲದಿದ್ದರೆ ಪಾನಾ ಹಿಡಿಯುವ ಮುಂಚೆ ಬಟ್ಟೆ ಸುತ್ತಿ.

ಈಗ ನಿಮ್ಮ ನಿಜವಾದ ಪ್ರಶ್ನೆ, ನೆಟ್ಟಗೆ ನಿಲ್ಲಿಸುವುದು. ಟೇಪಿಲ್ಲದೆ ನಳವನ್ನು ಒಮ್ಮೆ ಸುಮ್ನೆ ತಿರುಗಿಸಿ ಎಷ್ಟು ಸುತ್ತು ಒಳಗೆ ಹೋಗುತ್ತದೆ ನೋಡಿಕೊಳ್ಳಿ. ಟೇಪು ಸುತ್ತಿದ ಮೇಲೆ ಒಂದೆರಡು ಸುತ್ತು ಮುಂಚೆಯೇ ಬಿಗಿ ಹತ್ತಬೇಕು. ಹತ್ತಿದ ಮೇಲೆ ಪಾನಾದಿಂದ ನಿಧಾನ ತಿರುಗಿಸುತ್ತಾ ಹಿಡಿಕೆ ನೆಟ್ಟಗಾದ ಕ್ಷಣ ನಿಲ್ಲಿಸಿ. ದಾಟಿ ಹೋಯಿತೋ, ಹಿಂದಕ್ಕೆ ತಿರುಗಿಸಲೇಬೇಡಿ. ಟೆಫ್ಲಾನ್ ಒಮ್ಮೆ ಹಿಸುಕಿಕೊಂಡರೆ ಮತ್ತೆ ಉಬ್ಬುವುದಿಲ್ಲ, ಹಿಂದೆ ಬಂದಷ್ಟೂ ಸಂದು ಖಾಲಿ ಉಳಿಯುತ್ತದೆ. ನಿಮಗೆ ಸೋರಿದ್ದಕ್ಕೆ ಇದೂ ಒಂದು ಕಾರಣ. ಪೂರ್ತಿ ಬಿಚ್ಚಿ, ಟೇಪು ಕಿತ್ತು, ಹೊಸದಾಗಿ ಸುತ್ತಿ. ನೆಟ್ಟಗಾಗುವ ಮುಂಚೆಯೇ ತೀರಾ ಬಿಗಿಯಾದರೆ ಟೇಪು ಎರಡು ಸುತ್ತು ಕಡಿಮೆ, ಸಡಿಲವಾಗಿಯೇ ನೆಟ್ಟಗೆ ಬಂದರೆ ಎರಡು ಜಾಸ್ತಿ. ಬೇಜಾರಿನ ಕೆಲಸ, ಆದರೆ ಟೇಪು ಅಗ್ಗ.

ರಾಣೆಬೆನ್ನೂರು ರಿಪೇರಿ

ಕಾಕಾ ಹೇಳಿದ್ದು ಸರಿ. ಒಂದೇ ಒಂದು ಸೇರಿಸುತ್ತೇನೆ. ಜಿಐ ಎಲ್ಬೋ ಆದ್ದರಿಂದ ನಿಪ್ಪಲ್ಲಿಗೆ ಟೇಪಿನ ಬದಲು ಸೆಣಬಿನ ಎಳೆ ಮತ್ತು ಸಫೇದಾ (ಪ್ಲಂಬರ್‌ಗಳು ಹಚ್ಚುವ ಬಿಳಿ ಪೇಸ್ಟು) ಹಾಕಬಹುದು. ಹಳೇ ತುಕ್ಕಿನ ಥ್ರೆಡ್ಡಿಗೆ ಅದು ಚೆನ್ನಾಗಿ ಕೂರುತ್ತದೆ, ನೀರು ಕುಡಿದು ಉಬ್ಬಿ ಸಂದು ತುಂಬುತ್ತದೆ, ಕೂದಲೆಳೆಯಷ್ಟು ಹಿಂದೆ ತಿರುಗಿಸಿದರೂ ಕ್ಷಮಿಸುತ್ತದೆ. ಇದನ್ನು ಓದುವ ಬೇರೆಯವರ ಮನೆಯಲ್ಲಿ ಸಿಪಿವಿಸಿ ಪೈಪು ಇದ್ದರೆ ಮಾತ್ರ ಸೆಣಬು ಬೇಡ. ಅದು ಉಬ್ಬಿ ಪ್ಲಾಸ್ಟಿಕ್ ಥ್ರೆಡ್ ಸೀಳುತ್ತದೆ. ಸಿಪಿವಿಸಿಯಲ್ಲಿ ನಳ ಕೂರುವ ಎಲ್ಬೋ ಒಳಗೆ ಹಿತ್ತಾಳೆ ಇರುವುದನ್ನೇ ಹಾಕಿಸಬೇಕು, ಪಾನಾದ ಜೋರೂ ಕಡಿಮೆ ಇರಬೇಕು.

ಮತ್ತೆ, ತಿರುಗಿಸುವಾಗ ಎಲ್ಬೋ ಗೋಡೆಯ ಒಳಗೇ ಅಲ್ಲಾಡಿದಂತೆ ಅನಿಸಿದರೆ ಅಲ್ಲಿಗೇ ನಿಲ್ಲಿಸಿ ಪ್ಲಂಬರ್‌ಗೆ ಫೋನ್ ಮಾಡಿ. ಹಳೇ ಜಿಐ ಒಳಗೆ ಮುರಿದರೆ ಟೈಲ್ಸ್ ಒಡೆಯುವ ಕೆಲಸ.

ಬೆಟಗೇರಿ ಬೋರ್‌ವೆಲ್

ನಡುವೆ ಬಾಯಿ ಹಾಕಿದ್ದಕ್ಕೆ ಸಿಟ್ಟಾಗಬೇಡಿ. ನಮ್ಮಲ್ಲಿ ಸೋರಿಕೆ ಇಲ್ಲ, ಆದರೆ ಹೊಸ ನಳದಲ್ಲಿ ನೀರೇ ಸಣ್ಣಗೆ ಬರುತ್ತದೆ. ಹಳೇದರಲ್ಲಿ ಧಾರೆ ಚೆನ್ನಾಗಿತ್ತು. ಒಂದೇ ಅಂತಸ್ತಿನ ಮನೆ, ಮೇಲೆ ಸಿಂಟೆಕ್ಸ್ ಟಾಕಿ. ಬೋರಿನ ನೀರು.

ರಾಣೆಬೆನ್ನೂರು ರಿಪೇರಿ

ಮೂತಿಯ ತುದಿ ತಿರುಗಿಸಿ ಬಿಚ್ಚಿ. ಒಳಗೆ ಜಾಳಿಗೆ ಇರುತ್ತದೆ, ನೀರಿಗೆ ಗಾಳಿ ಬೆರೆಸಿ ನೊರೆಯಂತೆ ಬಿಡುವ ಏರೇಟರ್. ಮೊದಲ ದಿನವೇ ಪೈಪಿನ ಕಸ ಅದರಲ್ಲಿ ಸಿಕ್ಕಿರುತ್ತದೆ. ಬೋರಿನ ಉಪ್ಪು ಕಟ್ಟಿದ್ದರೆ ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ, ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ.

ಜಾಳಿಗೆ ತೆಗೆದಿಟ್ಟು ನಳ ಬಿಟ್ಟು ನೋಡಿ. ಆಗ ಧಾರೆ ದಪ್ಪಗೆ ಬಂದರೆ ಕಾರಣ ಅದೇ. ಸ್ವಚ್ಛ ಮಾಡಿ ಹಾಕಿದ ಮೇಲೂ ಸಣ್ಣಗೇ ಬಂದರೆ ಒತ್ತಡ ಸಾಲದು ಅಂತ ಅರ್ಥ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಿಮ್ಮ ಟಾಕಿ ನಳಕ್ಕಿಂತ 3 ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್. ಶೋಕಿಯ ನಳಗಳು, ಅದರಲ್ಲೂ ಒಂದೇ ಹಿಡಿಕೆಯ ಮಿಕ್ಸರ್‌ಗಳು, ಇದಕ್ಕಿಂತ ಜಾಸ್ತಿ ಒತ್ತಡ ಕೇಳುತ್ತವೆ. ಜಾಳಿಗೆ ಇಲ್ಲದೆಯೇ ಬಳಸಿ, ಏನೂ ತೊಂದರೆಯಿಲ್ಲ, ಸ್ವಲ್ಪ ಸಿಡಿಯುತ್ತದೆ ಅಷ್ಟೇ. ಅಂಗಡಿಯಲ್ಲಿ ಡಿಸೈನ್ ನೋಡುವ ಮುಂಚೆ ಟಾಕಿ ಎಷ್ಟು ಮೇಲಿದೆ ಅಂತ ಯಾರೂ ಕೇಳುವುದಿಲ್ಲ.

ಬೆಟಗೇರಿ ಬೋರ್‌ವೆಲ್

ಜಾಳಿಗೆಯಲ್ಲಿ ಮರಳು ಮತ್ತು ಟೇಪಿನ ಚೂರು! ತೆಗೆದು ತೊಳೆದ ಮೇಲೆ ಸರಿಯಾಯಿತು. ಟೇಪಿನ ಚೂರು ಅಲ್ಲಿಗೆ ಹೇಗೆ ಹೋಯಿತು?

ಗೋಕುಲ ರೋಡ್ ಕಾಕಾ

ಥ್ರೆಡ್ಡಿನ ತುದಿ ದಾಟಿ ಟೇಪು ಹೊರಗೆ ಬರುವಂತೆ ಸುತ್ತಿದ್ದಾರೆ. ಆ ಅಂಚು ನೀರಿನ ದಾರಿಯಲ್ಲಿ ಹರಿದು ಹೋಗುತ್ತದೆ. ಮೊದಲ ಒಂದು ಸುತ್ತಿನ ಥ್ರೆಡ್ ಖಾಲಿ ಬಿಟ್ಟು ಟೇಪು ಶುರು ಮಾಡಬೇಕು.

ಮಾಳಮಡ್ಡಿ ಮನೆ

ನಿಪ್ಪಲ್ ಸಿಕ್ಕಿತು. ಅದಕ್ಕೆ ಸೆಣಬು, ನಳಕ್ಕೆ ಟೇಪು ಹಾಕಿದೆ. ಈಗ ಹಿಡಿಕೆ ನೆಟ್ಟಗೆ ನಿಂತಿದೆ. ಕಾಕಾ, ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಕಣ್ಣಿಗೆ ಏನೂ ಕಾಣುತ್ತಿಲ್ಲ.

ಗೋಕುಲ ರೋಡ್ ಕಾಕಾ

ಫ್ಲ್ಯಾಂಜನ್ನು ಗೋಡೆಗೆ ಒತ್ತಬೇಡಿ, ನಳದ ಕಡೆಗೆ ಎಳೆದಿಡಿ. ಸಂದಿನ ಕೆಳಗೆ ಒಣ ಪೇಪರ್ ತುಂಡು ಸುತ್ತಿ ರಾತ್ರಿ ಬಿಡಿ. ಒದ್ದೆ ಕಲೆ ಇಲ್ಲದಿದ್ದರೆ ಫ್ಲ್ಯಾಂಜ್ ಒತ್ತಿ. ಒಂದು ಮಾತು: ನಿಮ್ಮ ನಳ ಟಾಕಿಯದ್ದೋ, ಸೀದಾ ಕಾರ್ಪೊರೇಷನ್ ಲೈನಿನದ್ದೋ? ಸೀದಾ ಲೈನು ಆದರೆ ಮಲಪ್ರಭೆ ನೀರು ಬಿಟ್ಟ ದಿನವೇ ನೋಡಬೇಕು. ಖಾಲಿ ಪೈಪಿನಲ್ಲಿ ಪೇಪರ್ ಒಣಗಿಯೇ ಇರುತ್ತದೆ.

ಮಾಳಮಡ್ಡಿ ಮನೆ

ಟಾಕಿಯದ್ದು. ಪೇಪರ್ ಒಣಗಿತ್ತು, ಫ್ಲ್ಯಾಂಜ್ ಕೂರಿಸಿದೆ. ಎಲ್ಲರಿಗೂ ಧನ್ಯವಾದ.

ಇನ್ನೊಂದು ಉಳಿಯಿತು. ಕೆಲಸ ಮಾಡುವಾಗ ಟಾಕಿ ಕೆಳಗಿನ ಗೇಟ್ ವಾಲ್ವ್ ಪೂರ್ತಿ ಮುಚ್ಚಿದರೂ ನೀರು ಜಿನುಗುತ್ತಲೇ ಇತ್ತು. ಎಲ್ಬೋ ಬಾಯಿಗೆ ಬಟ್ಟೆ ತುರುಕಿಯೇ ಮುಗಿಸಬೇಕಾಯಿತು. ಅದನ್ನೂ ಬದಲಿಸಬೇಕಾ?

ರಾಣೆಬೆನ್ನೂರು ರಿಪೇರಿ

ಬದಲಿಸಿ ಅಕ್ಕಾ, ಆದರೆ ಈಗಲೇ ಬೇಡ. ಟಾಕಿ ತೊಳೆಯುವಾಗ ಹೇಗೂ ಖಾಲಿ ಮಾಡುತ್ತೀರಿ, ಆವತ್ತು ಮಾಡಿಸಿ. ಗೇಟ್ ವಾಲ್ವ್ ಬೇಡ, ಬಾಲ್ ವಾಲ್ವ್ ಹಾಕಿಸಿ. ಗೇಟ್ ವಾಲ್ವಿನ ತಳದಲ್ಲಿ ಮಣ್ಣು, ಉಪ್ಪು ಕೂತರೆ ಬಾಗಿಲು ಪೂರ್ತಿ ಇಳಿಯುವುದಿಲ್ಲ. ಬಾಲ್ ವಾಲ್ವ್ ಕಾಲು ಸುತ್ತಿಗೆ ಮುಚ್ಚುತ್ತದೆ, ಹಿಡಿಕೆ ಪೈಪಿಗೆ ಅಡ್ಡ ನಿಂತರೆ ಬಂದ್ ಅಂತ ದೂರದಿಂದಲೇ ಕಾಣುತ್ತದೆ. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಮುಚ್ಚಿ ತೆಗೆಯಿರಿ, ಇಲ್ಲದಿದ್ದರೆ ಅದೂ ಉಪ್ಪು ಹಿಡಿದು ಬಿಗಿಯಾಗುತ್ತದೆ.