ಆಲ್ಪ್ಸ್ ಸರೋವರಗಳ ಹೂಳಿನಲ್ಲಿ ಸಿಗುವ ನುಸಿಯ ತಲೆಚಿಪ್ಪು ಮತ್ತು ಹಳೆಯ ಕಾಲದ ತಾಪಮಾನ

ಪ್ರಶ್ನೆ (ಬಳಕೆದಾರ: ಹೂಳಿನಗುಂಡಿ)
ಆಲ್ಪ್ಸ್ ಪರ್ವತದ ಸರೋವರಗಳ ತಳದಿಂದ ತೆಗೆದ ಹೂಳಿನಲ್ಲಿ ಕೈರೋನೊಮಿಡ್ ಎಂಬ ಕಚ್ಚದ ನುಸಿಯ ಲಾರ್ವಾಗಳ ತಲೆಚಿಪ್ಪುಗಳನ್ನು ಎಣಿಸಿ, 13,000 ವರ್ಷಗಳ ಹಿಂದಿನ ಜುಲೈ ತಿಂಗಳ ತಾಪಮಾನವನ್ನು ಅಂದಾಜು ಮಾಡುತ್ತಾರೆಂದು ಓದಿದೆ. ಲಾರ್ವಾ ಬದುಕುವುದು ನೀರಿನಡಿಯ ಕೆಸರಿನಲ್ಲಿ. ಅದು ಗಾಳಿಯ ಬಿಸಿಗೆ ಸಾಕ್ಷಿ ಹೇಳುವುದು ಹೇಗೆ? ಪರಾಗವೊಂದನ್ನೇ ನೋಡಿದರೆ ಸಾಲದೇ?

ಉತ್ತರ (ಬಳಕೆದಾರ: ಜರಡಿ_ಚಿಮಟ)
ಪರಾಗದಿಂದಲೇ ಆರಂಭಿಸುತ್ತೇನೆ. ಕಣಿವೆಯ ಮರಗಳ ಪರಾಗವನ್ನು ಗಾಳಿ ಮರಗಳೇ ಇಲ್ಲದ ಎತ್ತರಕ್ಕೂ ಹೊತ್ತೊಯ್ಯುತ್ತದೆ. ಅಲ್ಲದೆ ಹವೆ ಬೆಚ್ಚಗಾದರೂ ಕಾಡು ಮೇಲಕ್ಕೆ ಹಬ್ಬಲು ಬಹುಕಾಲ ಬೇಕು. ನುಸಿಯಾದರೋ ರೆಕ್ಕೆ ಬಂದೊಡನೆ ಹಾರಿ ಬೇರೊಂದು ಸರೋವರದಲ್ಲಿ ಮೊಟ್ಟೆಯಿಡುತ್ತದೆ. ಆಳವಿಲ್ಲದ ಸರೋವರದ ನೀರು ಬೇಸಿಗೆಯಲ್ಲಿ ಗಾಳಿಯ ಬಿಸಿಯನ್ನೇ ಅನುಸರಿಸುವುದರಿಂದ, ಯಾವ ಎತ್ತರದಲ್ಲಿ ಯಾವ ನುಸಿ ಎಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. ಇಂದಿನ ಹಲವು ಸರೋವರಗಳಲ್ಲಿ, ತಗ್ಗಿನಿಂದ ಹಿಮದಂಚಿನವರೆಗೆ, ಈ ಸಂಬಂಧವನ್ನು ಅಳೆದಿಟ್ಟುಕೊಂಡು, ಅದೇ ಲೆಕ್ಕವನ್ನು ಹಳೆಯ ಹೂಳಿಗೆ ಅನ್ವಯಿಸುತ್ತಾರೆ.

ಕೆಲಸ ತಾಳ್ಮೆಯದು. ಹೂಳನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಬೆಚ್ಚಗೆ ಮಾಡಿ, 100 ಮೈಕ್ರಾನ್ ಜರಡಿಯಲ್ಲಿ ತೊಳೆದು, ಉಳಿದುದನ್ನು ಸೂಕ್ಷ್ಮದರ್ಶಕದಡಿ ಚಿಮಟದಿಂದ ಹೆಕ್ಕಬೇಕು. ಕೀಟಗಳ ಹೊರಕವಚದ ಗಟ್ಟಿ ವಸ್ತುವಾದ ಕೈಟಿನ್‌ನಿಂದಾದ ತಲೆಚಿಪ್ಪು ಸಾವಿರಾರು ವರ್ಷ ಕೊಳೆಯುವುದಿಲ್ಲ. ಅದನ್ನು ಗಾಜಿನ ಮೇಲೆ ಕೆಳಮುಖ ಮೇಲಾಗುವಂತೆ ಮಲಗಿಸಿದರೆ ಮಾತ್ರ ಬಾಯಿಯ ಹಲ್ಲುಸಾಲು ಕಾಣುತ್ತದೆ, ಗುರುತಿಗೆ ಅದೇ ಮುಖ್ಯ ಆಧಾರ. ಹಲ್ಲುಸಾಲು ನಡುವೆ ಸೀಳಿ ಅರ್ಧವಷ್ಟೇ ಸಿಕ್ಕರೆ ಲೆಕ್ಕದಲ್ಲೂ ಅರ್ಧವೆಂದೇ ಬರೆಯುತ್ತೇವೆ. ಸಾಮಾನ್ಯವಾಗಿ ಒಂದು ಮಾದರಿಗೆ ಕನಿಷ್ಠ 50 ತಲೆ ಬೇಕು. ಬಡ ಪದರವಾದರೆ ಇಡೀ ದಿನ ಕಳೆದರೂ ಅಷ್ಟು ಸಿಗದು.

ಉತ್ತರ (ಬಳಕೆದಾರ: ತಳದನೀರು)
ಮೇಲಿನವರು ಹೇಳಿದ್ದು ಸರಿ, ಆದರೆ ತಾಪಮಾನವೊಂದೇ ನುಸಿಯನ್ನು ಆಳುವುದಿಲ್ಲ. ಕೈರೋನೊಮಸ್ ಕುಲದ ಕೆಂಪು ಲಾರ್ವಾಗಳ ದೇಹದಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದ ತಳದಲ್ಲೂ ಅವು ಬದುಕುತ್ತವೆ. ದನಕರು ಮೇಯಲಾರಂಭಿಸಿ ಗೊಬ್ಬರ ನೀರಿಗಿಳಿದು, ತಳದ ಆಮ್ಲಜನಕ ತೀರಿದರೆ, ತಂಪುನೀರಿನ ನುಸಿಗಳು ಕಣ್ಮರೆಯಾಗಿ, ಹವೆ ಬದಲಾಗದಿದ್ದರೂ ಸರೋವರ ಬೆಚ್ಚಗಾದಂತೆ ಲೆಕ್ಕ ತೋರಬಹುದು. ಸ್ವಿಟ್ಜರ್ಲೆಂಡಿನಲ್ಲಿ 1,935 ಮೀಟರ್ ಎತ್ತರದ ಸೇಗಿಸ್ಟಾಲ್‌ಸೇ ಸರೋವರದ ದಾಖಲೆಯಲ್ಲೂ ಮೇವುಗಾವಲಿನ ಗುರುತು ಬಿದ್ದಿದೆ. ಆದ್ದರಿಂದ ಮನುಷ್ಯ ಇನ್ನೂ ಕೈಹಾಕದ ಕಾಲದ ಪದರಗಳನ್ನೇ ನಾನು ಹೆಚ್ಚು ನಂಬುತ್ತೇನೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅಂದಾಜಿನ ತಪ್ಪು ಎಷ್ಟಿರಬಹುದು? ಪದರದ ವಯಸ್ಸು ತಿಳಿಯುವುದು ಹೇಗೆ?

ಉತ್ತರ (ಬಳಕೆದಾರ: ಜರಡಿ_ಚಿಮಟ)
ತಪ್ಪು ಸಾಮಾನ್ಯವಾಗಿ 1ರಿಂದ 1.5 ಡಿಗ್ರಿ ಸೆಲ್ಸಿಯಸ್. ಸುಮಾರು 12,900ರಿಂದ 11,700 ವರ್ಷಗಳ ಹಿಂದಿನ ಯಂಗರ್ ಡ್ರಯಾಸ್ ಎಂಬ ಚಳಿಯ ಅವಧಿಯಲ್ಲಿ ತಾಪಮಾನದ ಇಳಿತ ದೊಡ್ಡದು, ಅದು ಲೆಕ್ಕಕ್ಕೆ ಸಿಗುತ್ತದೆ; ಕಳೆದ ಕೆಲವು ಶತಮಾನಗಳ ಅರ್ಧ ಡಿಗ್ರಿಯ ಏರಿಳಿತವನ್ನು ಒಂದೇ ಸರೋವರದಿಂದ ಹೇಳಹೊರಡುವುದು ದುಡುಕು. ವಯಸ್ಸಿಗೆ ನೆಲದ ಗಿಡಗಳ ಎಲೆ, ಬೀಜಗಳ ರೇಡಿಯೋಕಾರ್ಬನ್ ಪರೀಕ್ಷೆಯೇ (ಉಳಿದ ವಿಕಿರಣಶೀಲ ಇಂಗಾಲದಿಂದ ವಯಸ್ಸು ಲೆಕ್ಕ ಹಾಕುವುದು) ಸರಿ, ಏಕೆಂದರೆ ಸುಣ್ಣದ ನೀರಿನ ಜಲಸಸ್ಯಗಳು ಹಳೆಯ ಇಂಗಾಲವನ್ನು ಹೀರಿ ಇರುವುದಕ್ಕಿಂತ ಹೆಚ್ಚಿನ ವಯಸ್ಸನ್ನು ತೋರಿಸುತ್ತವೆ. ಬರ್ನ್ ಬಳಿಯ ಗೆರ್ಜೆನ್‌ಸೇ ಹೂಳಿನಲ್ಲಿ ಜರ್ಮನಿಯ ಲಾಖರ್ ಸೇ ಜ್ವಾಲಾಮುಖಿಯ ಬೂದಿಯ ತೆಳು ಪದರವೂ ಇದೆ. ಆ ಸ್ಫೋಟ ನಡೆದದ್ದು ಸುಮಾರು 13,000 ವರ್ಷಗಳ ಹಿಂದೆ, ಹಾಗಾಗಿ ಚಳಿಯ ಇಳಿತ ಅದಕ್ಕಿಂತ ತುಸು ಮೇಲಿನ ಪದರದಲ್ಲಿ ಸಿಗಬೇಕು.