ಬೀಚಿನ ಮರಳ ಮೇಲೆ ಕಾರು ಇಳಿಸೋದು, ಅಲ್ಲೇ ಪಾರ್ಕ್ ಮಾಡೋದು ಸರೀನಾ?

ಬರಿಗಾಲು: ಕಳೆದ ಭಾನುವಾರ ಬೀಚಲ್ಲಿ ನನ್ನ ಮಗಳು ನೀರಿನ ಅಂಚಲ್ಲಿ ಕೂತು ಗುಂಡಿ ತೋಡ್ತಿದ್ಲು, ಆರು ವರ್ಷ ಅವಳಿಗೆ. ಹಿಂದೆ ಮರಳಲ್ಲೇ ಪಾರ್ಕ್ ಮಾಡಿದ್ದ ಜೀಪು ರಿವರ್ಸ್ ಬಂತು, ಅಲೆ ಸದ್ದಲ್ಲಿ ಇಂಜಿನ್ ಸದ್ದೇ ಕೇಳ್ಲಿಲ್ಲ. ಓಡಿಹೋಗಿ ರಟ್ಟೆ ಹಿಡ್ದು ಎಳ್ಕೊಂಡೆ, ಅವಳ ಕೆಂಪು ಬಕೆಟ್ ಟಯರ್ ಕೆಳಗೆ ಚಪ್ಪಟೆ ಆಯ್ತು. ಡ್ರೈವರ್ ಇಳಿದು "ಮಕ್ಳನ್ನ ನೋಡ್ಕೋಬೇಕಲ್ವಾ" ಅಂತ ನಂಗೇ ಹೇಳ್ದ. ನನ್ನ ಮಾತು ಇಷ್ಟೇ, ಮರಳ ಮೇಲೆ ಒಂದೇ ಒಂದು ಗಾಡಿ ಇಳೀಬಾರ್ದು. ರಸ್ತೇಲಿ ನಿಲ್ಸಿ ನಡ್ಕೊಂಡು ಬರ್ಲಿ.

ಗೇರ್‌ಬಾಕ್ಸ್: "ಒಂದೇ ಒಂದು ಗಾಡಿ" ಅಂದ್ರೆ ಹೆಂಗೆ ಸರ್? ಕೇರಳದ ಮುಳಪ್ಪಿಲಂಗಾಡ್ ಬೀಚಲ್ಲಿ ಸುಮಾರು 4 ಕಿಲೋಮೀಟರ್ ಗಾಡಿ ಓಡಿಸ್ಬೋದು, ಜನ ಬರೋದೇ ಅದಕ್ಕೆ. ಆಸ್ಟ್ರೇಲಿಯಾದ 75 ಮೈಲ್ ಬೀಚಲ್ಲಿ ರೋಡ್ ರೂಲ್ಸೇ ಇದೆ, ಸ್ಪೀಡ್ ಲಿಮಿಟ್ ಗಂಟೆಗೆ 80 ಕಿಲೋಮೀಟರ್. ನ್ಯೂಜಿಲೆಂಡ್‌ನ ನೈಂಟಿ ಮೈಲ್ ಬೀಚಲ್ಲಿ ಟೂರಿಸ್ಟ್ ಬಸ್ಸೇ ಓಡುತ್ತೆ. ಒದ್ದೆ ಮರಳು ಟಾರ್ ರೋಡ್ ಥರ ಗಟ್ಟಿ ಇರುತ್ತೆ, ಓಡ್ಸೋಕೆ ಗೊತ್ತಿರ್ಬೇಕು ಅಷ್ಟೇ.

ಉಪ್ಪುನೀರು: "ಟಾರ್ ರೋಡ್ ಥರ ಗಟ್ಟಿ" ಅಂತೆ. ಹೂತ್ಹೋದ ಎಷ್ಟು ಕಾರಿಗೆ ಹಗ್ಗ ಕಟ್ಟಿ ಎಳೆದಿದೀನಿ ಅಂತ ನಂಗೆ ಲೆಕ್ಕ ಇಲ್ಲ. ಓಡ್ತಿರೋವಾಗ ಗಟ್ಟಿ ಅನ್ಸುತ್ತೆ, ನಿಲ್ಸಿದ್ ಮೇಲೆ ನೋಡಿ. ಒಂದೊಂದು ಅಲೆ ವಾಪಸ್ ಹೋಗೋವಾಗ್ಲೂ ಟಯರ್ ಸುತ್ತಲಿನ ಮರಳು ಕೊಚ್ಕೊಂಡು ಹೋಗುತ್ತೆ, ಹತ್ತು ನಿಮಿಷಕ್ಕೆ ನಾಲ್ಕೂ ಚಕ್ರದ ಸುತ್ತ ಬಟ್ಟಲಿನಂಗೆ ಗುಂಡಿ ಆಗಿರುತ್ತೆ, ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೆಳಗೇ ಇಳಿಯುತ್ತೆ.

ಗೇರ್‌ಬಾಕ್ಸ್: ಆಕ್ಸಿಲರೇಟರ್ ಒತ್ತೋರು ಕಲೀದೇ ಬಂದೋರು. ಟಯರ್ ಗಾಳಿ 32ರಿಂದ 18-20ಕ್ಕೆ ಇಳಿಸ್ಬೇಕು, ಆಗ ಟಯರ್ ಅಗಲ ಆಗಿ ಭಾರ ಹಂಚಿಹೋಗುತ್ತೆ. 1935ರಲ್ಲಿ ಬ್ರಿಟನ್ನಿನ ರೇಸರ್ ಮಾಲ್ಕಮ್ ಕ್ಯಾಂಪ್‌ಬೆಲ್ ಅಮೆರಿಕದ ಡೇಟೋನಾ ಬೀಚಿನ ಮರಳಲ್ಲೇ ಗಂಟೆಗೆ 276 ಮೈಲಿ ಓಡಿಸಿ ವಿಶ್ವದಾಖಲೆ ಮಾಡಿದ್ದು. ಮೆತ್ತಗಿರೋ ಜಾಗದಲ್ಲಿ ಆಗುತ್ತಾ ಇದು?

ಕಡಲಹಕ್ಕಿ: ಅರ್ಧ ಕಥೆ ಹೇಳ್ಬೇಡಿ. ಅದೇ ವರ್ಷ ಸೆಪ್ಟೆಂಬರಲ್ಲಿ ಅದೇ ಕ್ಯಾಂಪ್‌ಬೆಲ್ ಬೀಚ್ ಬಿಟ್ಟು ಬಾನ್ವಿಲ್ ಉಪ್ಪಿನ ಬಯಲಿಗೆ ಹೋಗಿ 301 ಮೈಲಿ ದಾಟ್ದ. ಮರಳಲ್ಲಿ ಉಬ್ಬುತಗ್ಗು ಜಾಸ್ತಿ, ಚಕ್ರಕ್ಕೆ ಹಿಡಿತ ಸಿಗ್ಲಿಲ್ಲ ಅಂತಾನೇ. ಡೇಟೋನಾದ ಬೀಚ್ ರೇಸೂ 1959ರಲ್ಲಿ ಸ್ಪೀಡ್‌ವೇಗೆ ಹೋಯ್ತು. ಇವತ್ತು ಅದೇ ಬೀಚಲ್ಲಿ ಲಿಮಿಟ್ ಗಂಟೆಗೆ 10 ಮೈಲಿ. ಅಷ್ಟಿದ್ರೂ 2010ರಲ್ಲಿ ಆ ಕೌಂಟಿಯ, ಅಂದ್ರೆ ಜಿಲ್ಲೆಯ, ಬೀಚುಗಳಲ್ಲಿ ನಾಲ್ಕು ವರ್ಷದ ಎರಡು ಮಕ್ಕಳು ಗಾಡಿಗೆ ಸಿಕ್ಕಿ ಸತ್ತವು. ಎರಡು ಮಕ್ಕಳು ರೀ!

ಗೇರ್‌ಬಾಕ್ಸ್: ಸಾವಿನ ವಿಷಯ ಎತ್ತಿ ಬಾಯಿ ಮುಚ್ಚಿಸ್ಬೇಡಿ ಮೇಡಮ್. ರಸ್ತೇಲಿ ಸಾಯೋರು ಎಷ್ಟು ಜನ, ರಸ್ತೆ ಮುಚ್ತೀರಾ? ನೀರು ಇಳಿದಾಗ ಹೋಗಿ ನೀರು ಏರೋ ಮುಂಚೆ ಬಂದ್ರೆ ಯಾವ ತೊಂದ್ರೆನೂ ಇಲ್ಲ.

ಅಲೆಮಾರಿ: ಸರಿಯಾಗಿ ಹೇಳಿದ್ರಿ. ಇದೇನು ದೊಡ್ಡ ವಿದ್ಯೆ ಅಲ್ಲ, ನಿನ್ನೆ ಯಾವ ಟೈಮ್‌ಗೆ ನೀರು ಇಳಿದಿತ್ತೋ ಇವತ್ತೂ ಅದೇ ಟೈಮ್‌ಗೆ ಇಳಿದಿರುತ್ತೆ, ಅದನ್ನ ನೋಡ್ಕೊಂಡು ಹೋಗಿ.

ಉಪ್ಪುನೀರು: ಅದೇ ಟೈಮ್‌ಗಾ? ಇದನ್ನ ನಂಬಿ ಹೋದೋರೇ ಕಾರು ಮುಳುಗಿಸ್ಕೊಳ್ಳೋದು. ಉಬ್ಬರ ಇಳಿತ ದಿನಾ ಸುಮಾರು 50 ನಿಮಿಷ ತಡ ಆಗುತ್ತೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ. ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮರಳು ಕಾಣ್ತಿದ್ದ ಜಾಗದಲ್ಲಿ ಮುಂದಿನ ಭಾನುವಾರ ಹತ್ತಕ್ಕೆ ನೀರು ನಿಂತಿರುತ್ತೆ.

ಅಲೆಮಾರಿ: ನಾನು ಮೂರು ದಿನ ಅಲ್ಲೇ ಇದ್ದು ಕಣ್ಣಾರೆ ನೋಡಿದೀನಿ, ಮೂರೂ ದಿನ ಮಧ್ಯಾಹ್ನ ನೀರು ದೂರ ಇತ್ತು. ಪುಸ್ತಕ ಓದಿ ನಂಗೆ ಹೇಳೋಕ್ ಬರ್ಬೇಡಿ.

ಉಪ್ಪುನೀರು: ಮೊದಲನೇ ದಿನಕ್ಕೂ ಮೂರನೇ ದಿನಕ್ಕೂ ನೂರು ನಿಮಿಷ ವ್ಯತ್ಯಾಸ, ಮಧ್ಯಾಹ್ನ ಅನ್ನೋದು ಅದಕ್ಕಿಂತ ಉದ್ದ ಇದೆ. ಗಡಿಯಾರ ನೋಡಿದ್ರಾ?

ಅಲೆಮಾರಿ: ಗಡಿಯಾರ ನೋಡೋಕೆ ಹೋಗಿದ್ದಲ್ಲ ನಾನು. ಸೂರ್ಯ ದಿನಾ ಒಂದೇ ಹೊತ್ತಿಗೆ ಬರುತ್ತೆ, ಸಮುದ್ರ ಯಾಕೆ ತಡ ಮಾಡುತ್ತೆ ಹೇಳಿ.

ಉಪ್ಪುನೀರು: ಯಾಕಂದ್ರೆ ಉಬ್ಬರಕ್ಕೆ ಮುಖ್ಯ ಕಾರಣ ಚಂದ್ರ ಕಣಣ್ಣ. ಭೂಮಿ ಒಂದು ಸುತ್ತು ತಿರುಗೋ ಅಷ್ಟರಲ್ಲಿ ಚಂದ್ರ ತನ್ನ ದಾರೀಲಿ ಸ್ವಲ್ಪ ಮುಂದೆ ಹೋಗಿರ್ತಾನೆ, ಅವನನ್ನ ಹಿಡಿಯೋಕೆ ಭೂಮಿಗೆ ಇನ್ನೂ 50 ನಿಮಿಷ ಬೇಕು. ಚಂದ್ರ ದಿನಾ ತಡವಾಗಿ ಹುಟ್ಟೋದು ನೋಡಿಲ್ವಾ? ಅಮಾವಾಸ್ಯೆ ಹುಣ್ಣಿಮೆ ಹೊತ್ತಲ್ಲಿ ನೀರು ಇನ್ನೂ ಮೇಲಕ್ಕೆ ಬರುತ್ತೆ, ಹೋದ ವಾರ ಒಣಗಿದ್ದ ಜಾಗಾನೂ ಮುಳುಗುತ್ತೆ.

ಗೇರ್‌ಬಾಕ್ಸ್: 12 ಗಂಟೆ 25 ನಿಮಿಷ ಎಲ್ಲಾ ಕಡೆಗೂ ಅನ್ವಯಿಸಲ್ಲ. ಮೆಕ್ಸಿಕೋ ಕೊಲ್ಲಿಯ ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಹಾಗಾಗಿ ಅಲೆಮಾರಿಯವರು ಪೂರ್ತಿ ತಪ್ಪು ಅಂತ ಹೇಳೋಕಾಗಲ್ಲ.

ಉಪ್ಪುನೀರು: ಅವ್ರೇನು ಮೆಕ್ಸಿಕೋ ಕೊಲ್ಲೀಲಿ ಮೂರು ದಿನ ಇದ್ರಾ? ಅಲ್ಲೂ ಟೈಮ್ ಬದಲಾಗುತ್ತೆ! ನೀವೇ ಹೇಳಿದ 75 ಮೈಲ್ ಬೀಚಲ್ಲಿ ಉಬ್ಬರದ ಹಿಂದೆ ಮುಂದೆ ಎರಡೆರಡು ಗಂಟೆ ಗಾಡಿ ಇಳಿಸ್ಬೇಡಿ ಅಂತಾರಲ್ಲ, ಅದನ್ನ ಯಾಕೆ ಬಿಟ್ರಿ? ಅಲ್ಲಿ ಫೋರ್ ವೀಲ್ ಡ್ರೈವೇ ಬೇಕು, ಪರ್ಮಿಟ್ಟೂ ಬೇಕು, ಅದನ್ನೂ ಬಿಟ್ರಿ.

ಊರುಗೋಲು: ಚಂದ್ರನ ವಿಷಯ ಸಾಕು, ನನ್ನ ಮಾತೂ ಕೇಳಿ. ನಮ್ಮಮ್ಮನಿಗೆ ನಡೆಯೋಕಾಗಲ್ಲ. ವೀಲ್‌ಚೇರ್ ಮರಳಿಗೆ ಇಳಿಸಿದ್ರೆ ಮುಂದಿನ ಸಣ್ಣ ಚಕ್ರ ಎರಡು ಮಾರು ಹೋಗೋದ್ರೊಳಗೆ ಹೂತ್ಹೋಗುತ್ತೆ, ಇಬ್ರು ಹೊತ್ಕೊಂಡು ಹೋಗ್ಬೇಕು, ಅವರಿಗೆ ನಾಚ್ಕೆ ಆಗಿ "ಬೇಡ ಬಿಡ್ರೋ" ಅಂತಾರೆ. ಕಾರು ನೀರಿನ ಹತ್ರ ಹೋದ ದಿನ ಬಾಗ್ಲು ತೆಗ್ದು ಕಾಲಿಗೆ ನೀರು ತಾಗಿಸ್ಕೊಂಡ್ರು. "ರಸ್ತೇಲಿ ನಿಲ್ಸಿ ನಡ್ಕೊಂಡು ಬರ್ಲಿ" ಅನ್ನೋರು ಅವರ ಮುಖ ನೋಡ್ಕೊಂಡು ಹೇಳಿ.

ಬರಿಗಾಲು: ನಾನು ನಿಮ್ಮಮ್ಮನಿಗೆ ಹೇಳಿದ್ದಲ್ಲ.

ಊರುಗೋಲು: "ಒಂದೇ ಒಂದು ಗಾಡಿ" ಅಂದ್ರಲ್ಲ, ಆ ಒಂದರಲ್ಲಿ ನಮ್ಮಮ್ಮ ಇದ್ದಾರೆ.

ಕಡಲಹಕ್ಕಿ: ಅದಕ್ಕೆ ಕಾರು ಬೇಡ. ಮರಳ ಮೇಲೆ ಹಾಸೋ ಮ್ಯಾಟ್ ಇದೆ, ದಪ್ಪ ಬಲೂನ್ ಚಕ್ರದ ವೀಲ್‌ಚೇರ್ ಇದೆ, ಎಷ್ಟೋ ಬೀಚುಗಳಲ್ಲಿ ಇಟ್ಟಿದಾರೆ. ಬಾಗಿಲಲ್ಲೇ ನಾಲ್ಕು ಪಾರ್ಕಿಂಗ್ ಜಾಗ ಅವರಿಗೇ ಮೀಸಲಿಟ್ರೆ ಮುಗೀತು. ಒಬ್ಬರ ಅಮ್ಮನ ಹೆಸರಲ್ಲಿ ನಲವತ್ತು ಜೀಪು ಇಳಿಯುತ್ತೆ, ಟಯರ್ ಬಿಟ್ಟ ಆಳದ ಗುರುತಲ್ಲಿ ರಾತ್ರಿ ಮೊಟ್ಟೆ ಒಡೆದು ಬಂದ ಆಮೆಮರಿ ಬಿದ್ರೆ ಮೇಲೆ ಹತ್ತೋಕಾಗಲ್ಲ, ಅದರಲ್ಲೇ ಉದ್ದುದ್ದಕ್ಕೆ ತೆವಳಿ ಸುಸ್ತಾಗಿ ಸಾಯುತ್ತೆ, ಇಲ್ಲಾ ಏಡಿ, ಹಕ್ಕಿ ತಿನ್ನುತ್ತೆ.

ಊರುಗೋಲು: "ಅಮ್ಮನ ಹೆಸರಲ್ಲಿ" ಅಂದ ಮಾತು ವಾಪಸ್ ತಗೊಳ್ಳಿ. ಆ ಮ್ಯಾಟು, ಆ ಚೇರು ನಾವು ಹೋದ ಒಂದು ಬೀಚಲ್ಲೂ ನೋಡಿಲ್ಲ. ಮೊದ್ಲು ಅವನ್ನ ತನ್ನಿ, ಆಮೇಲೆ ಕಾರು ನಿಲ್ಸಿ.

ಗೇರ್‌ಬಾಕ್ಸ್: ಆಮೆ ಮೊಟ್ಟೆ ಇಡೋದು ಮೇಲಿನ ಒಣ ಮರಳಲ್ಲಿ, ನಾವು ಓಡ್ಸೋದು ಕೆಳಗಿನ ಒದ್ದೆ ಮರಳಲ್ಲಿ.

ಕಡಲಹಕ್ಕಿ: ಮರಿ ನೀರಿಗೆ ಹೋಗೋಕೆ ಒದ್ದೆ ಮರಳು ದಾಟಲೇಬೇಕಲ್ಲ! ನಿಮ್ಮ ಗಾಡಿ ಕೆಳಗಿಳಿಯೋಕೂ ಒಣ ಮರಳೇ ದಾರಿ.

ಬರಿಗಾಲು: ಇಷ್ಟು ಜನ ಮಾತಾಡಿದ್ರಿ, ರಿವರ್ಸ್ ಬಂದ ಆ ಜೀಪಿನ ಬಗ್ಗೆ ಯಾರೂ ಹೇಳ್ಲಿಲ್ಲ. ಅವಳು ಈಗ ಬೀಚ್ ಅಂದ್ರೆ ಮೊದ್ಲು "ಅಲ್ಲಿ ಕಾರ್ ಇರುತ್ತಾ ಅಪ್ಪಾ" ಅಂತ ಕೇಳ್ತಾಳೆ.

ಗೇರ್‌ಬಾಕ್ಸ್: ಆ ಡ್ರೈವರ್ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಹಿಂದೆ ಒಬ್ರನ್ನ ನಿಲ್ಸದೇ ಮರಳಲ್ಲಿ ರಿವರ್ಸ್ ತಗೋಬಾರ್ದು. ಆದ್ರೆ ಅದು ಡ್ರೈವರ್ ತಪ್ಪು, ಬೀಚ್ ಡ್ರೈವಿಂಗ್ ತಪ್ಪಲ್ಲ.

ಅಲೆಮಾರಿ: ಈಗಷ್ಟೇ ಟೈಡ್ ಟೇಬಲ್, ಅದೇ ಉಬ್ಬರ ಇಳಿತದ ಟೈಮ್ ಪಟ್ಟಿ, ತೆಗ್ದು ನೋಡಿದೆ. ಇವತ್ತಿಗೂ ನಾಳೆಗೂ 43 ನಿಮಿಷ ಇದೆ. 50 ಎಲ್ಲಿದೆ ಉಪ್ಪುನೀರು ಅವ್ರೇ?