ಕತ್ತಿವರಸೆಗೂ ಝೆನ್‌ಗೂ ನಿಜಕ್ಕೂ ನಂಟಿದೆಯಾ, ಇಲ್ಲಾ ಆಮೇಲೆ ಅಂಟಿಸಿದ್ದಾ?

ಹೊಸ ಬಿದಿರು:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜಪಾನಿನ ಯೊಕೊಹಾಮಾದಲ್ಲಿದ್ದೇನೆ, ಇಲ್ಲೇ ಒಂದು ಕೆಂಡೋ (ಜಪಾನಿ ಕತ್ತಿವರಸೆ) ಕ್ಲಾಸಿಗೆ ಸೇರಿದ್ದೇನೆ. ಸೇರುವಾಗ ತಲೆಯಲ್ಲಿ ಇದ್ದದ್ದು ಸಮುರಾಯ್, ಧ್ಯಾನ, ಶಾಂತ ಮನಸ್ಸು, ಈ ತರಹದ್ದು. ಅಲ್ಲಿ ನೋಡಿದರೆ ಮಂಡಿಯೂರಿ ಕಣ್ಣು ಮುಚ್ಚಿ ಕೂರುವ 'ಮೊಕುಸೋ' ಶುರುವಿಗೊಮ್ಮೆ, ಕೊನೆಗೊಮ್ಮೆ. ಅದೂ ಒಂದು ನಿಮಿಷ ಇರುವುದಿಲ್ಲ. ಉಳಿದ ಹೊತ್ತೆಲ್ಲಾ ಗಂಟಲು ಹರಿಯುವ ಹಾಗೆ ಕೂಗುತ್ತಾ ಬಿದಿರಿನ ಕತ್ತಿಯಲ್ಲಿ ಹೊಡೆಯುವುದು. ಸೆನ್ಸೇ (ಗುರುಗಳು) ಬಾಯಲ್ಲಿ ಝೆನ್, ಅಂದರೆ ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ, ಅನ್ನುವ ಮಾತೇ ಬಂದಿಲ್ಲ. ನಾನೇ ಕೇಳಿದೆ. "ಮೊದಲು ಎಡಗಾಲಿನ ಹಿಮ್ಮಡಿ ನೆಲದಿಂದ ಎತ್ತಿ" ಅಂದರು.

ನೆಟ್ಟಿನಲ್ಲಿ ಮಾತ್ರ ಯಾವ ಪುಟ ತೆಗೆದರೂ ಕತ್ತಿಯೂ ಝೆನ್ನೂ ಒಂದೇ ಅಂತ ಬರೆದಿರುತ್ತಾರೆ. ಇದು ನಿಜವಾಗಿ ಹಳೆಯ ಕಾಲದಿಂದ ಇದೆಯಾ? ಇನ್ನೊಂದು, ಕೊಲ್ಲಬೇಡ ಅನ್ನುವ ಬುದ್ಧನ ದಾರಿ ಕೊಲ್ಲುವುದಕ್ಕೇ ಮಾಡಿದ ಸಾಮಾನಿನ ಜೊತೆ ಹೇಗೆ ಹೊಂದಿಕೊಂಡಿತು?

ಇತಿಹಾಸದ ಹುಳ:

ಒಳ್ಳೆ ಪ್ರಶ್ನೆ. ಶುರುವಿನಿಂದ ಇತ್ತು ಅನ್ನುವುದು ಸುಳ್ಳು. ಪೂರ್ತಿ ಆಮೇಲೆ ಅಂಟಿಸಿದ್ದು ಅನ್ನುವುದೂ ಸುಳ್ಳು.

ಇವತ್ತಿಗೂ ಉಳಿದಿರುವ ಅತಿ ಹಳೆಯ ವರಸೆಗಳಲ್ಲಿ ಒಂದು ಕತೋರಿ ಶಿಂತೋ-ರ್ಯು. 15ನೇ ಶತಮಾನದ್ದು. ಅದು ಬೆಳೆದದ್ದು ಕತೋರಿ ಅನ್ನುವ ಊರಿನ ಶಿಂತೋ (ಜಪಾನಿನ ಮೂಲ ಧರ್ಮ) ಗುಡಿಯ ನೆರಳಲ್ಲಿ, ಜೊತೆಗೆ ಮಂತ್ರ, ಮುದ್ರೆಗಳ ಬೌದ್ಧ ಪಂಥ. ಯೋಧರು ಬೇಡಿಕೊಳ್ಳುತ್ತಿದ್ದದ್ದು ಮಾರಿಶಿತೆನ್ ದೇವತೆಯನ್ನು, ಅಂದರೆ ನಮ್ಮ ಕಡೆಯಿಂದಲೇ ಬೌದ್ಧರ ಜೊತೆ ಅಲ್ಲಿಗೆ ಹೋದ ಮಾರೀಚಿ. ಅಲ್ಲಿ ಝೆನ್ ಇಲ್ಲ. ಕಾಮಕುರಾ ಕಾಲದ (12ರಿಂದ 14ನೇ ಶತಮಾನ) ಆಡಳಿತಗಾರರು ಝೆನ್ ಮಠಗಳಿಗೆ ದುಡ್ಡು, ಜಾಗ ಕೊಟ್ಟಿದ್ದು ನಿಜ, ಆದರೆ ಸಮುರಾಯ್ ಅಂದರೆ ಎಲ್ಲರೂ ಝೆನ್ ಅಂತ ಅಲ್ಲ. ಶೋಗುನ್‌ಗಳಾಗಿ, ಅಂದರೆ ಸೈನ್ಯದ ಮುಖ್ಯಸ್ಥರಾಗಿ, ದೇಶ ಆಳಿದ ತೊಕುಗಾವಾ ಮನೆತನವನ್ನೇ ನೋಡಿ. ಟೋಕಿಯೋದಲ್ಲಿ ಅವರ ಕುಟುಂಬದ ದೇವಾಲಯ ಝೋಜೋಜಿ. ಅದು ಅಮಿತಾಭನ ಹೆಸರು ಜಪಿಸುವ ಜೋದೋ ಪಂಥದ್ದು. ಹೆಸರಾಂತ ಕತ್ತಿವೀರ ಮಿಯಾಮೊತೊ ಮುಸಾಶಿ ಅಂತೂ 1643ರಲ್ಲಿ ಕುಮಾಮೊತೊ ಹತ್ತಿರದ ಗುಹೆಯಲ್ಲಿ ತನ್ನ ಪುಸ್ತಕ ಶುರು ಮಾಡುವಾಗಲೇ, ಬೌದ್ಧರ ಮಾತನ್ನೂ ಎರವಲು ತರುವುದಿಲ್ಲ, ಕನ್ಫ್ಯೂಷಿಯಸ್‌ನ ಮಾತನ್ನೂ ತರುವುದಿಲ್ಲ ಅಂತ ಹೇಳಿಬಿಟ್ಟಿದ್ದಾನೆ.

ಹಾಗಾದರೆ ನಂಟು ಎಲ್ಲಿ? ಬಹುಪಾಲು ಒಂದು ಪತ್ರದಲ್ಲಿ. ತಕುಆನ್ ಸೋಹೋ (1573–1645) ಝೆನ್‌ನ ರಿನ್ಝೈ ಶಾಖೆಯ ಸನ್ಯಾಸಿ, ಕತ್ತಿ ಹಿಡಿದವನಲ್ಲ. ಮಠದ ವಿಷಯದಲ್ಲಿ ಸರ್ಕಾರದ ಎದುರು ನಿಂತದ್ದಕ್ಕೆ 1629ರಲ್ಲಿ ಗಡಿಪಾರಾದ ಆಸಾಮಿ. ಅವನು ಶೋಗುನ್‌ನ ಕತ್ತಿವರಸೆ ಗುರು ಯಾಗ್ಯು ಮುನೆನೊರಿಗೆ ಬರೆದದ್ದು ಇಷ್ಟು: ಎದುರಾಳಿಯ ಕತ್ತಿಯ ಮೇಲೆ ಮನಸ್ಸು ನಿಂತರೆ ಸತ್ತೆ. ನಿನ್ನ ಕತ್ತಿಯ ಮೇಲೆ ನಿಂತರೂ ಸತ್ತೆ. ಹೊಡೆಯಬೇಕು ಅನ್ನುವ ಯೋಚನೆಯ ಮೇಲೆ ನಿಂತರೂ ಅಷ್ಟೇ. ಸಾವಿರ ಕೈಯ ಕನ್ನೋನ್ (ಕರುಣೆಯ ಬೋಧಿಸತ್ವ) ವಿಗ್ರಹದ ಮಾತನ್ನೂ ತರುತ್ತಾನೆ. ಬಿಲ್ಲು ಹಿಡಿದ ಒಂದು ಕೈಯಲ್ಲಿ ಮನಸ್ಸು ನಿಂತರೆ ಉಳಿದ 999 ಕೈ ದಂಡ. ಮನಸ್ಸನ್ನು ಎಲ್ಲಿ ಇಡಬೇಕು ಅಂದರೆ, ಎಲ್ಲೂ ಇಡಬೇಡ.

ಜನ ಇಷ್ಟು ಓದಿ ಪುಸ್ತಕ ಮುಚ್ಚುತ್ತಾರೆ. ಕೊನೆಯಲ್ಲಿ ಅದೇ ಸನ್ಯಾಸಿ ಮುನೆನೊರಿಗೆ ಚೆನ್ನಾಗಿ ಬೈದಿದ್ದಾನೆ. ನಿನ್ನ ಮಗನ ನಡತೆ ಸರಿಯಿಲ್ಲ, ನಿನಗೆ ನಾಟಕದ ಕುಣಿತದ ಹುಚ್ಚು ಜಾಸ್ತಿಯಾಯಿತು, ಉಡುಗೊರೆ ತಂದವರ ಪರ ವಾಲುತ್ತೀಯ ಅಂತ. ಆ ಭಾಗವೇ ನನಗೆ ಇಷ್ಟ.

ಒಸಾಕಾ ಅಕ್ಕ:

ಹುಳ ಅವರು ಹೇಳಿದ್ದು ಸರಿ, ಆದರೆ ಪತ್ರ, ಪುಸ್ತಕ ಅಂತ ಅಲ್ಲೇ ನಿಂತರೆ ಅರ್ಧ ಮಾತ್ರ ಸಿಗುತ್ತದೆ. ನಾನು ಇಲ್ಲಿ ತುಂಬಾ ವರ್ಷದಿಂದ ಕೆಂಡೋ ಮಾಡುತ್ತಿದ್ದೇನೆ. ಝೆನ್ ಮಠಕ್ಕೆ ಹೋಗುವವಳಲ್ಲ. ತಕುಆನ್ ಹೇಳುವ ತೊಂದರೆ ಮಾತ್ರ ನನಗೆ ವಾರವಾರವೂ ಎದುರಾಗುತ್ತದೆ.

ಕೆಂಡೋದಲ್ಲಿ ನಾಲ್ಕು ಕಾಯಿಲೆ ಅಂತ ಹೇಳುತ್ತಾರೆ. ಬೆಚ್ಚುವುದು, ಹೆದರುವುದು, ಅನುಮಾನ ಪಡುವುದು, ಗಲಿಬಿಲಿಯಾಗುವುದು. ಎದುರಿಗಿರುವವರು ಮಣಿಕಟ್ಟಿಗೆ ಹೊಡೆಯುವ ಹಾಗೆ ಕತ್ತಿಯ ತುದಿಯನ್ನು ಸ್ವಲ್ಪ ಇಳಿಸುತ್ತಾರೆ. ನಿಮ್ಮ ಗಮನ ಅಲ್ಲಿಗೆ ಹೋಯಿತು, ಕೈ ಕೆಳಗಾಯಿತು, ತಲೆಗೆ ಏಟು ಬಿತ್ತು. ಕಬಡ್ಡಿಯಲ್ಲಿ ರೈಡರ್ ಕಾಲು ಚಾಚಿದ ಹಾಗೆ ಮಾಡಿ ಕೈಯಲ್ಲಿ ಮುಟ್ಟುತ್ತಾನಲ್ಲ, ಹಾಗೇ. ಇದು ಯಾವ ಹೋರಾಟಗಾರನಿಗೂ ಗೊತ್ತಿದ್ದ ತೊಂದರೆ, ಅದಕ್ಕೆ ಝೆನ್ ಬೇಕಾಗಿರಲಿಲ್ಲ. ಅದನ್ನು ಹೇಳುವುದಕ್ಕೆ ಮಾತು ಬೇಕಾಗಿತ್ತು, ಆ ಮಾತು ಝೆನ್ ಸನ್ಯಾಸಿಗಳ ಹತ್ತಿರ ಇತ್ತು. ನನ್ನ ಪ್ರಕಾರ ನಂಟು ಇಷ್ಟೇ, ಆದರೆ ಇದು ಸಣ್ಣದೇನಲ್ಲ.

ನಿಮ್ಮ ಸೆನ್ಸೇ ಹಿಮ್ಮಡಿ ಅಂದದ್ದಕ್ಕೆ ಬೇಜಾರಾಗಬೇಡಿ. ಹಿಮ್ಮಡಿ ನೆಲಕ್ಕೆ ಕೂತರೆ ಮುಂದೆ ನುಗ್ಗುವುದಕ್ಕೆ ಆಗುವುದಿಲ್ಲ, ನುಗ್ಗುವುದಕ್ಕೆ ಆಗದಿದ್ದರೆ ಅನುಮಾನ ಬರುತ್ತದೆ. ಪಂದ್ಯದಲ್ಲೂ ಹೊಡೆದ ಮೇಲೆ ಎಚ್ಚರ ಬಿಡುವ ಹಾಗಿಲ್ಲ. ಪಾಯಿಂಟ್ ಬಂತು ಅಂತ ಮುಷ್ಟಿ ಎತ್ತಿ ಕುಣಿದರೆ ಆ ಪಾಯಿಂಟನ್ನೇ ವಾಪಸ್ ತೆಗೆಯಬಹುದು. ಝೆನ್ ಅನ್ನುವ ಮಾತು ಇಲ್ಲದೆಯೇ ಅದರ ಪಾಠ ನಡೆಯುತ್ತಿರುತ್ತದೆ.

ಎರಡನ್ನೂ ನಿಜವಾಗಿ ಒಟ್ಟಿಗೆ ಮಾಡಿದವರು ಯಾರು ಅಂದರೆ ನಾನು ಯಾಮಾಒಕಾ ತೆಶ್ಶು (1836–1888) ಹೆಸರು ಹೇಳುತ್ತೇನೆ. 1868ರ ಅಂತರ್ಯುದ್ಧದಲ್ಲಿ ಶತ್ರು ಸೈನ್ಯದ ನಡುವೆ ಹಾದು ಹೋಗಿ ಅದರ ನಾಯಕ ಸೈಗೊ ತಕಾಮೊರಿ ಜೊತೆ ಮಾತುಕತೆ ನಡೆಸಿದ ಮನುಷ್ಯ. ಅಸಾರಿ ಅನ್ನುವ ಗುರುವಿನ ಎದುರು ಸೋತ ಮೇಲೆ ಕಣ್ಣು ಮುಚ್ಚಿದರೂ ಅದೇ ಆಕೃತಿ ಕತ್ತಿ ಹಿಡಿದು ಎದುರಿಗೆ ನಿಲ್ಲುತ್ತಿತ್ತಂತೆ. ಕ್ಯೋಟೋದ ತೆನ್ರ್ಯುಜಿ ಮಠದ ತೆಕಿಸುಯಿ ಅವನಿಗೆ ಎರಡು ಕತ್ತಿ ತುದಿಗೆ ತುದಿ ಕೂಡುವ ಬಗ್ಗೆಯೇ ಒಂದು ಕೋಆನ್, ಅಂದರೆ ಧ್ಯಾನದಲ್ಲಿ ಹಿಡಿದು ಕೂರುವ ಒಗಟು, ಕೊಟ್ಟ. ಬಿಡದೆ ಅದನ್ನೇ ಹಿಡಿದುಕೊಂಡು ಕೂತ, ಬೆಳಿಗ್ಗೆ ಕತ್ತಿ, ರಾತ್ರಿ ಧ್ಯಾನ. 1880ರ ಮಾರ್ಚ್ 30ರ ಬೆಳಿಗ್ಗೆ ಆ ಆಕೃತಿ ಕಾಣಲಿಲ್ಲ. ಅಸಾರಿಯನ್ನು ಕರೆಸಿ ಎದುರು ನಿಂತ. ಅಸಾರಿ ಹೊಡೆಯದೆಯೇ ಕತ್ತಿ ಇಳಿಸಿದ. ತೆಶ್ಶುವಿನ ಶಿಷ್ಯರ ಪಾಡು ನೋಡಿ, ಒಂದೇ ದಿನದಲ್ಲಿ 200 ಪಂದ್ಯ ಆಡಬೇಕಾದ ಪರೀಕ್ಷೆ ಇತ್ತು. ಸುಮ್ನೆ ಕಣ್ಣು ಮುಚ್ಚಿ ಕೂತು ಬಂದದ್ದಲ್ಲ ಅದು.

ಎರಡನೇ ಪ್ರಶ್ನೆ:

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಲ್ಲ, ಅದಕ್ಕೇ ಈ ಹೆಸರಲ್ಲಿ ಬಂದೆ.

ಹೊಂದಿಕೊಂಡಿತಾ ಅಂದರೆ, ಹೊಂದಿಸಿದರು. ಮುನೆನೊರಿ 1632ರ ತನ್ನ ಪುಸ್ತಕದಲ್ಲಿ, ಒಬ್ಬನ ಕೆಟ್ಟತನದಿಂದ ಹತ್ತು ಸಾವಿರ ಜನ ನರಳುವಾಗ ಅವನನ್ನು ಕೊಂದರೆ ಅದು ಬದುಕಿಸುವ ಕತ್ತಿ ಅನ್ನುತ್ತಾನೆ. ಕೇಳುವುದಕ್ಕೆ ಚೆನ್ನಾಗಿದೆ. ಕೆಟ್ಟವನು ಯಾರು ಅಂತ ತೀರ್ಮಾನ ಮಾಡುವವರು ಯಾರು? ಅದೇ 1632ರಲ್ಲಿ ಅವನು ದೊರೆಗಳ ಮೇಲೆ ಕಣ್ಣಿಡುವ ಸರ್ಕಾರಿ ಹುದ್ದೆಗೂ ಬಂದ.

ತಕುಆನ್ ಪತ್ರದಲ್ಲಿ ಇನ್ನೊಂದು ಜಾಗ ಇದೆ. ಚೀನಾದಲ್ಲಿ ಮಂಗೋಲ್ ಸೈನಿಕರು ಮುಗಾಕು ಅನ್ನುವ ಸನ್ಯಾಸಿಯ ತಲೆ ಕತ್ತರಿಸಲು ಬಂದರು. ಅವನು ಹೆದರದೆ ಒಂದು ಪದ್ಯ ಹೇಳಿದ. ಮಿಂಚಿನ ಹೊಳಪಲ್ಲಿ ವಸಂತದ ಗಾಳಿಯನ್ನು ಕಡಿದ ಹಾಗೆ, ಕಡಿಯುವುದಕ್ಕೆ ಇಲ್ಲಿ ಏನೂ ಇಲ್ಲ ಅನ್ನುವ ಅರ್ಥದ್ದು. ಸೈನಿಕರು ಬಿಟ್ಟು ಹೋದರು. ಆ ಮಾತು ಯಾರದ್ದು? ಕತ್ತಿಯ ಕೆಳಗೆ ಕುತ್ತಿಗೆ ಇಟ್ಟವನದ್ದು. ತಕುಆನ್ ಅದನ್ನು ಕತ್ತಿ ಎತ್ತುವವನಿಗೆ ಪಾಠ ಮಾಡಿದ. ಕತ್ತಿ ಶೂನ್ಯ, ಹೊಡೆಯುವವನು ಶೂನ್ಯ, ಹೊಡೆಸಿಕೊಳ್ಳುವವನೂ ಶೂನ್ಯ. ಸಾಯುವವನು ಹೇಳಿದರೆ ಧೈರ್ಯ, ಕೊಲ್ಲುವವನು ಹೇಳಿದರೆ ನೆಪ ಅಲ್ವಾ? 1930ರ ದಶಕದಲ್ಲಿ ಜಪಾನಿನ ಸೈನ್ಯ ಚೀನಾದೊಳಗೆ ನುಗ್ಗಿದಾಗ ಇಂಥ ಮಾತುಗಳನ್ನು ಎಷ್ಟೋ ಝೆನ್ ಗುರುಗಳೇ ಸೈನಿಕರಿಗೆ ಉಪದೇಶ ಮಾಡಿದರು. ಝೆನ್ ವಿದ್ವಾಂಸ ಡಿ.ಟಿ. ಸುಜುಕಿ ಕತ್ತಿಯನ್ನೂ ಝೆನ್ನನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ ಬಂದದ್ದೂ 1938ರಲ್ಲೇ. ನೆಟ್ಟಿನ ಪುಟಗಳಲ್ಲಿ ನೀವು ಓದುವುದರಲ್ಲಿ ಬಹಳಷ್ಟು ಅಲ್ಲಿಂದ ಇಳಿದು ಬಂದದ್ದು.

ಒಸಾಕಾ ಅಕ್ಕ:

ಮುಗಾಕು ಮಾತು ಒಪ್ಪಿದೆ. ಎರಡನೇ ಮಹಾಯುದ್ಧ ಸೋತ ಮೇಲೆ ಅಮೆರಿಕದ ಆಡಳಿತ ಶಾಲೆಗಳಲ್ಲಿ ಕೆಂಡೋ ನಿಲ್ಲಿಸಿದ್ದೂ ಅದು ಯುದ್ಧಕ್ಕೆ ಬಳಕೆಯಾಗಿತ್ತು ಅಂತಲೇ. ಈಗಿನ ಕೆಂಡೋ ಒಕ್ಕೂಟ ಹುಟ್ಟಿದ್ದು 1952ರಲ್ಲಿ. 1975ರಲ್ಲಿ ಅವರು ಕೆಂಡೋದ ಉದ್ದೇಶ ಅಂತ ಬರೆದುಕೊಂಡದ್ದರಲ್ಲಿ ಇರುವುದು ಕತ್ತಿಯ ನಿಯಮದಿಂದ ವ್ಯಕ್ತಿತ್ವ ತಿದ್ದುವುದು. ಶೂನ್ಯದ ಮಾತು ಅಲ್ಲಿಲ್ಲ.

ಹೊಸ ಬಿದಿರು:

ಮೂವರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಯೊಕೊಹಾಮಾದಿಂದ ಒಂದು ದಿನದಲ್ಲಿ ಹೋಗಿ ಬರುವ ಹಾಗೆ ಇದಕ್ಕೆ ಸಂಬಂಧಪಟ್ಟ ಜಾಗ ಏನಾದರೂ ಇದೆಯಾ?

ಇತಿಹಾಸದ ಹುಳ:

ಟೋಕಿಯೋದ ಯಾನಾಕಾದಲ್ಲಿ ಝೆನ್ಶೋಆನ್. ತೆಶ್ಶು 1883ರಲ್ಲಿ ಕಟ್ಟಿಸಿದ ಝೆನ್ ದೇವಾಲಯ, ಅವನ ಸಮಾಧಿಯೂ ಅಲ್ಲೇ. ಅವನ ಹತ್ತಿರ ಧ್ಯಾನ ಕಲಿತ ಕತೆಗಾರ ಎಂಚೋ ಸಮಾಧಿಯೂ ಅಲ್ಲೇ ಇದೆ. ಎಂಚೋ ಸಂಗ್ರಹಿಸಿದ್ದ ದೆವ್ವದ ಚಿತ್ರಗಳನ್ನು ಆಗಸ್ಟ್ ತಿಂಗಳಲ್ಲಿ ಪ್ರದರ್ಶನಕ್ಕೆ ಇಡುತ್ತಾರೆ. ಸೆಕೆ ತಡೆಯುವ ಹಾಗಿದ್ದರೆ ಆಗಲೇ ಹೋಗಿ.